ತಪ್ಪು ಬ್ಲೇಡಿನದಲ್ಲ: ಹಟ ಹಿಡಿದ ತಿಕ್‌ನೆಸ್ ಪ್ಲೇನರ್ ಒಂದರ ಪ್ರಕರಣ

ಹಲಗೆ ಹದಿನಾಲ್ಕು. ಒಂದೊಂದೂ 2 ಮೀಟರ್ ಉದ್ದ, 250 ಮಿ.ಮೀ. ಅಗಲ, 22 ಮಿ.ಮೀ. ದಪ್ಪ. ಪುಸ್ತಕದ ಕಪಾಟಿಗೆ ಎಲ್ಲವನ್ನೂ ತಿಕ್‌ನೆಸ್ ಪ್ಲೇನರ್‌ನಲ್ಲಿ, ಅಂದರೆ ಹಲಗೆಯ ಮೈ ಹೆರೆದು ದಪ್ಪ ಸಮ ಮಾಡುವ ಯಂತ್ರದಲ್ಲಿ, 18 ಮಿ.ಮೀ.ಗೆ ಇಳಿಸಬೇಕಿತ್ತು. ಮೂರನೇ ಹಲಗೆ ಅರ್ಧ ದಾರಿಯಲ್ಲಿ ನಿಂತಿತು. ಮೋಟಾರ್ ತಿರುಗುತ್ತಿದೆ, ಕಟರ್ ಕೂಗುತ್ತಿದೆ, ಹಲಗೆ ಮಾತ್ರ ಅಲ್ಲಾಡುತ್ತಿಲ್ಲ. ನಾನು ಹಿಂದಿನಿಂದ ಮೊಣಕೈ ಕೊಟ್ಟು ತಳ್ಳಿದೆ. ಸ್ವಲ್ಪ ಸರಿಯಿತು, ಮತ್ತೆ ನಿಂತಿತು. ಅಷ್ಟರಲ್ಲಿ ಸುಟ್ಟ ವಾಸನೆ. ಸ್ವಿಚ್ ಆರಿಸಿ, ಯಂತ್ರದ ತಲೆ ಮೇಲೆತ್ತಿ ಹಲಗೆ ಹೊರಗೆಳೆದರೆ ಅದರ ಮೇಲೆ ಅಡ್ಡಕ್ಕೊಂದು ಕಂದು ಪಟ್ಟಿ. ಪಟ್ಟಿ ಇದ್ದಲ್ಲೇ ಬೆರಳಿಗೆ ಸಿಗುವಷ್ಟು ತಗ್ಗು.

"ಬ್ಲೇಡ್ ಮೊಂಡಾಗಿದೆ, ಬದಲಾಯಿಸಿಬಿಡು" ಎಂದ ಆ ಕಡೆ ಹಲಗೆ ಹಿಡಿಯುತ್ತಿದ್ದ ಗೆಳೆಯ. ನನಗೂ ಹಾಗೇ ಅನ್ನಿಸಿತ್ತು. ಪ್ಲೇನರ್‌ನಲ್ಲಿ ಏನೇ ಕೆಟ್ಟರೂ ಮೊದಲ ಆರೋಪಿ ಬ್ಲೇಡೇ. ಕಣ್ಣಿಗೆ ಕಾಣುತ್ತದೆ, ಬದಲಿ ಸಿಗುತ್ತದೆ, ಬದಲಾಯಿಸಿದರೆ ಏನೋ ಕೆಲಸ ಮಾಡಿದ ಸಮಾಧಾನವೂ ಇರುತ್ತದೆ. ಇಪ್ಪತ್ತು ನಿಮಿಷದಲ್ಲಿ ಹೊಸ ಬ್ಲೇಡ್ ಹಾಕಿದೆ. ಅಲ್ಲಿಂದ ಮುಂದೆ ಯಂತ್ರ ಇನ್ನೂ ಕೆಟ್ಟಿತು.

ಯಂತ್ರದ ಬಗ್ಗೆ ಇಷ್ಟು ಹೇಳಿಬಿಡುತ್ತೇನೆ. ಮೇಜಿನ ಮೇಲೆ ಇಡುವ ಸಣ್ಣ ಪ್ಲೇನರ್, ಹಲಗೆ ಜಾರಿಕೊಂಡು ಹೋಗುವ ಬೆಡ್ಡಿನ ಅಗಲ 320 ಮಿ.ಮೀ. ಬೆಡ್ ಕದಲುವುದಿಲ್ಲ, ತಲೆ ಏರಿಳಿಯುತ್ತದೆ. ತಲೆಯಲ್ಲಿ ಎರಡು ಬ್ಲೇಡಿನ ಕಟರ್, ಅದರ ಮುಂದೊಂದು ಹಿಂದೊಂದು ರಬ್ಬರ್ ರೋಲರ್. ಹಲಗೆಯನ್ನು ಒಳಗೆ ಎಳೆಯುವುದೂ ಹೊರಗೆ ತಳ್ಳುವುದೂ ಈ ರೋಲರ್‌ಗಳೇ. ತಲೆ ಏರಿಳಿಸಲು ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸ್ಕ್ರೂ. ಹಿಡಿಕೆ ತಿರುಗಿಸಿದರೆ ಒಂದು ಸ್ಕ್ರೂ ತಿರುಗುತ್ತದೆ, ತಳದಲ್ಲಿರುವ ಚೈನ್ ಇನ್ನೊಂದನ್ನು ತಿರುಗಿಸುತ್ತದೆ. ಕಟರ್ ನಿಮಿಷಕ್ಕೆ 10,000 ಸುತ್ತು, ಹಲಗೆ ನಿಮಿಷಕ್ಕೆ 8 ಮೀಟರ್. ಈ ಎರಡು ಅಂಕಿ ಮುಂದೆ ಬೇಕಾಗುತ್ತವೆ.

ಹೊಸ ಬ್ಲೇಡ್ ಹಾಕಿದ ಮೇಲೆ ಆದದ್ದು ಹೀಗೆ. ನಾಲ್ಕನೇ ಹಲಗೆ ನಿಲ್ಲದೆ ಬಂತು, ಆದರೆ ಮೈಮೇಲೆಲ್ಲ ಸಣ್ಣ ಅಲೆ. ಐದನೆಯದು ಮತ್ತೆ ನಿಂತಿತು. ತಲೆ ಇಳಿಸುವ ಹಿಡಿಕೆ ಎಂದಿಗಿಂತ ಬಿಗಿ ಅನ್ನಿಸುತ್ತಿತ್ತು. ನಾಲ್ಕನ್ನೂ ಐದನ್ನೂ ಮಗ್ಗುಲಿಗೆ ಮಗ್ಗುಲು ಇಟ್ಟು ಉಗುರು ಎಳೆದರೆ ಕೂಡುವಲ್ಲಿ ಮೆಟ್ಟಿಲು ಸಿಗುತ್ತಿತ್ತು, ಅಂದರೆ ಹಲಗೆಯ ಎಡ ಅಂಚು ಒಂದು ದಪ್ಪ, ಬಲ ಅಂಚು ಇನ್ನೊಂದು. ಕೊನೆಯ ಎರಡು ಮೂರು ಇಂಚನ್ನು ಯಂತ್ರ ಹೆಚ್ಚಾಗಿ ತಿಂದಿತ್ತು. ಸಾಲದೆಂಬಂತೆ ಅಲ್ಲಲ್ಲಿ ಗೋಧಿ ಕಾಳು ಒತ್ತಿದಂಥ ಸಣ್ಣ ಗುಳಿಗಳು.

ಒಂದು ಯಂತ್ರ, ಐದು ದೂರು. ಅವತ್ತಿಗೆ ಪ್ಲಗ್ ಕಿತ್ತು ಮಲಗಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ಮೊದಲ ಸರಿಯಾದ ಕೆಲಸ ಅದೇ.

ಹಲಗೆ ಹೇಳಿದ್ದು

ಮರುದಿನ ಯಂತ್ರ ಮುಟ್ಟಲಿಲ್ಲ. ಕೆಟ್ಟ ಐದನೇ ಹಲಗೆಯನ್ನು ಕಿಟಕಿ ಬಳಿ ಒಯ್ದು, ಬೆಳಕು ಓರೆಯಾಗಿ ಬೀಳುವಂತೆ ಇಟ್ಟುಕೊಂಡು, ಪೆನ್ಸಿಲ್ ಮತ್ತು ದಪ್ಪ ಅಳೆಯುವ ವರ್ನಿಯರ್ ಹಿಡಿದು ಕೂತೆ. ಯಂತ್ರದ ರೋಗ ಯಂತ್ರದೊಳಗೆ ಕಾಣುವುದು ಕಷ್ಟ. ಎಲ್ಲ ಮುಚ್ಚಿರುತ್ತದೆ, ಓಡುವಾಗ ಬಗ್ಗಿ ನೋಡುವ ಹಾಗೂ ಇಲ್ಲ. ಹಲಗೆಯ ಮೇಲಾದರೆ ಅದು ಬರೆದಿಟ್ಟ ಹಾಗೆ ಇರುತ್ತದೆ.

ಮೊದಲು ಅಲೆ ನೋಡಿದೆ. ಪೆನ್ಸಿಲನ್ನು ಓರೆ ಹಿಡಿದು ಉದ್ದಕ್ಕೆ ಮೆಲ್ಲಗೆ ಉಜ್ಜಿದರೆ ಏಣುಗಳು ಕಪ್ಪಾಗುತ್ತವೆ, ತಗ್ಗು ಬಿಳಿ ಉಳಿಯುತ್ತದೆ. 10 ಮಿ.ಮೀ. ಅಳೆದು ಎಣಿಸಿದೆ. ಹನ್ನೆರಡು ಸಿಕ್ಕವು. ಇನ್ನೊಂದು ಕಡೆ ಎಣಿಸಿದರೆ ಹದಿಮೂರು. ಎಷ್ಟಿರಬೇಕಿತ್ತು? 10,000 ಸುತ್ತಿಗೆ ಎರಡು ಬ್ಲೇಡ್, ನಿಮಿಷಕ್ಕೆ 20,000 ಏಟು. ಅಷ್ಟರಲ್ಲಿ ಹಲಗೆ 8,000 ಮಿ.ಮೀ. ಸರಿಯುತ್ತದೆ. ಏಟಿಗೆ 0.4 ಮಿ.ಮೀ.; 10 ಮಿ.ಮೀ.ನಲ್ಲಿ ಇಪ್ಪತ್ತೈದು ಗೆರೆ ಇರಬೇಕು. ಸರಿಯಾಗಿ ಅರ್ಧ ಇದೆ. ಇದರರ್ಥ ಒಂದೇ: ಎರಡು ಬ್ಲೇಡಿನಲ್ಲಿ ಒಂದೇ ಮೈ ಕೊರೆಯುತ್ತಿದೆ, ಇನ್ನೊಂದು ಸುಮ್ಮನೆ ಜೊತೆಗೆ ಸುತ್ತುತ್ತಿದೆ. ಬ್ಲೇಡ್ ಮೊಂಡಾದರೆ ಗೆರೆಗಳ ಲೆಕ್ಕ ಬದಲಾಗುವುದಿಲ್ಲ. ಬ್ಲೇಡಿನ ಎತ್ತರ ಹೆಚ್ಚುಕಡಿಮೆ ಆದರೆ ಬದಲಾಗುತ್ತದೆ. ಇದಕ್ಕೆ ದೊಡ್ಡ ವ್ಯತ್ಯಾಸವೂ ಬೇಡ; ಒಂದು ಬ್ಲೇಡ್ ನೂರನೇ ಒಂದು ಮಿ.ಮೀ. ಮೇಲಿದ್ದರೂ ಕೊನೆಯ ಗೆರೆ ಅದರದ್ದೇ.

ಆಮೇಲೆ ತುದಿ. ಕೊನೆಯಲ್ಲಿ ತಿಂದಿದ್ದ ಭಾಗ ಶುರುವಾಗುವ ಜಾಗ ಹುಡುಕಿ ಅಳೆದರೆ 58 ಮಿ.ಮೀ. ಉದ್ದ, ಹತ್ತಿರ ಹತ್ತಿರ 0.18 ಮಿ.ಮೀ. ಆಳ. ಮೊದಲ ತುದಿಯಲ್ಲೂ ಸ್ವಲ್ಪ ಇತ್ತು, 0.06. ಈ 58ನ್ನು ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ಯಂತ್ರದಲ್ಲಿ ಮುಂದಿನ ರೋಲರ್ ಹಲಗೆಯನ್ನು ಮುಟ್ಟುವ ಜಾಗದಿಂದ ಕಟರ್‌ನ ತಳದವರೆಗೆ ಅಳೆದರೆ ಅದೂ 58ರ ಆಸುಪಾಸು. ತುದಿ ತಿನ್ನುವ ರೋಗದ ಗುಟ್ಟು ಇಲ್ಲೇ ಇದೆ. ಎರಡೂ ರೋಲರ್ ಹಿಡಿದಿರುವವರೆಗೆ ಹಲಗೆ ಬೆಡ್ಡಿಗೆ ಅಪ್ಪಿಕೊಂಡಿರುತ್ತದೆ. ಹಲಗೆಯ ಬಾಲ ಮುಂದಿನ ರೋಲರ್‌ನ ಹಿಡಿತ ತಪ್ಪಿಸಿಕೊಂಡ ಕ್ಷಣದಿಂದ ಅದನ್ನು ಒತ್ತಲು ಹಿಂದಿನ ರೋಲರ್ ಒಂದೇ. ಹೊರಗೆ ಹೋದ ಉದ್ದನೆಯ ಭಾಗ ಕೆಳಗೆ ಜಗ್ಗುತ್ತಿದ್ದರೆ ಬಾಲ ಏತದ ಹಾಗೆ ಮೇಲೆದ್ದು ಕಟರ್‌ಗೆ ಕಚ್ಚುತ್ತದೆ. ಹಾಗಾಗಿ ಬಾಲ ಹೆಚ್ಚು ತಿಂದಿದೆ ಅಂದರೆ ಹೊರಗಿನ ಮೇಜು, ಅಂದರೆ ಹೊರಬರುವ ಹಲಗೆಗೆ ಯಂತ್ರದಲ್ಲೇ ಇರುವ ಮಡಚು ಆಸರೆ, ತಗ್ಗಿದೆ ಎಂದು ಸಂಶಯಪಡಬೇಕು. ಹಲಗೆಯ ಮೊದಲ ತುದಿ ತಿಂದಿದ್ದರೆ ಒಳಗಿನ ಮೇಜು.

ಗುಳಿಗಳು ಸುಲಭ. ಭೂತಗನ್ನಡಿ ಹಿಡಿದರೆ ಒಂದು ಗುಳಿಯಲ್ಲಿ ಚಕ್ಕೆಯ ಚೂರು ಇನ್ನೂ ಅಂಟಿಕೊಂಡಿತ್ತು. ಹೊರಗೆ ಹೋಗಬೇಕಾದ ಚಕ್ಕೆ ಕಟರ್ ಜೊತೆ ಒಂದು ಸುತ್ತು ಹಾಕಿ ಬಂದು, ಹಿಂದಿನ ರೋಲರ್ ಅಡಿಗೆ ಸಿಕ್ಕು, ಮರದೊಳಗೆ ಒತ್ತಿಕೊಂಡಿತ್ತು.

ಉಳಿದದ್ದು ಎಡಬಲದ ಓರೆ. ಇದಕ್ಕೆ ಅಗಲದ ಹಲಗೆ ಅಳೆದರೆ ಸಾಲದು. ಹಲಗೆಗೇ ತಿರುಚು ಇದ್ದರೆ ರೋಲರ್‌ಗಳು ಅದನ್ನು ಒತ್ತಿ ಚಪ್ಪಟೆ ಮಾಡಿ ಕಟರ್ ಕೆಳಗೆ ದಾಟಿಸುತ್ತವೆ, ಹೊರಗೆ ಬಂದ ಮೇಲೆ ಅದು ಮತ್ತೆ ಬಾಗುತ್ತದೆ. ಪ್ಲೇನರ್ ದಪ್ಪ ಸಮ ಮಾಡುವ ಯಂತ್ರವೇ ಹೊರತು ಡೊಂಕು ನೆಟ್ಟಗೆ ಮಾಡುವ ಯಂತ್ರ ಅಲ್ಲ. ಒಂದು ಮೈ ಮೊದಲೇ ಮಟ್ಟ ಮಾಡಿಕೊಂಡು, ಅದನ್ನು ಬೆಡ್ ಕಡೆಗೆ ಹಾಕಬೇಕು. ಹಾಗಾಗಿ ಮಟ್ಟ ಮಾಡಿದ ಒಂದೇ ತುಂಡಿನಿಂದ 40 ಮಿ.ಮೀ. ಅಗಲದ ಎರಡು ಪಟ್ಟಿ ಸೀಳಿದೆ. ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಎಂದು ಬರೆದೆ. ಬೆಡ್ಡಿನ ಎಡತುದಿಗೆ ಎ, ಬಲತುದಿಗೆ ಬಿ ಇಟ್ಟು ಎರಡನ್ನೂ ಒಟ್ಟಿಗೆ ಬಿಟ್ಟೆ. ತಲೆಯ ಎತ್ತರ ಮುಟ್ಟದೆ ಮೂರು ಮೂರು ಕಡೆ ಅಳೆದಾಗ ಎ 18.42, ಬಿ 18.21. ತಲೆಯನ್ನು ಅರ್ಧ ಮಿ.ಮೀ. ಇಳಿಸಿ, ಪಟ್ಟಿಗಳ ಜಾಗ ಅದಲುಬದಲು ಮಾಡಿ ಇನ್ನೊಮ್ಮೆ ಬಿಟ್ಟರೆ ಈ ಸಲ ಬಿ ದಪ್ಪ, ಅಂತರ ಅಷ್ಟೇ. ಪಟ್ಟಿಯ ತಪ್ಪಲ್ಲ, ಯಂತ್ರದ ಎಡಭಾಗ 0.21 ಮಿ.ಮೀ. ಮೇಲಿದೆ.

ಇಷ್ಟಾದ ಮೇಲೆಯೇ ಸ್ಪಾನರ್ ಮುಟ್ಟಿದ್ದು.

ಬ್ಲೇಡಿನ ಅಡಿ

ಪ್ಲಗ್ ಕಿತ್ತು, ಅದರ ತುದಿಯನ್ನು ಕಣ್ಣಿಗೆ ಕಾಣುವಂತೆ ಬೆಡ್ಡಿನ ಮೇಲೆಯೇ ಇಟ್ಟುಕೊಂಡೆ. ಸ್ವಿಚ್ ಆರಿಸಿದರೆ ಸಾಕು ಎನ್ನುವವರಿದ್ದಾರೆ. ಆ ಬ್ಲೇಡಿನ ಮೇಲೆ ಒಮ್ಮೆ ಬೆರಳು ಜಾರಿದವರು ಹಾಗೆ ಹೇಳುವುದಿಲ್ಲ. ಬ್ಲೇಡ್ ಮುಟ್ಟುವಾಗ ಚರ್ಮದ ಕೈಗವಸು ಹಾಕಿಕೊಳ್ಳಬೇಕು, ಯಂತ್ರ ಓಡುವಾಗ ಕೈಗವಸು ತೆಗೆದಿಡಬೇಕು. ಎರಡೂ ಅಷ್ಟೇ ಮುಖ್ಯ.

ಡಯಲ್ ಗೇಜನ್ನು ಒಂದು ಮಟ್ಟಸ ಗಟ್ಟಿಗೆ ಕಚ್ಚಿಸಿ ಕಟರ್‌ನ ಮೈಮೇಲೆ ಕೂರಿಸಿ, ಬ್ಲೇಡಿನ ಅಂಚಿನ ಎತ್ತರ ಓದಿದೆ. ಮೊದಲ ಬ್ಲೇಡ್ ಎಡ, ನಡು, ಬಲ ಮೂರೂ ಕಡೆ ಒಂದೇ. ಎರಡನೆಯದು ನಡುವಿನಲ್ಲಿ 0.06 ಮಿ.ಮೀ. ಹೆಚ್ಚು. ನನ್ನ ಯಂತ್ರದ ಬ್ಲೇಡ್ ಪಿನ್ನಿನ ಮೇಲೆ ತಾನಾಗಿ ಕೂರುವ ಜಾತಿಯದು, ಎತ್ತರ ನಾವು ಹೊಂದಿಸುವಂಥದ್ದಲ್ಲ. ಅಲ್ಲೇ ನಾನು ಮೋಸಹೋದದ್ದು. ತಾನಾಗಿ ಕೂರುತ್ತದೆ ಎಂದ ಮೇಲೆ ಏನು ನೋಡುವುದು ಎಂದು ಹಳೆಯದನ್ನು ಬಿಚ್ಚಿ ಹೊಸದನ್ನು ಹಾಗೇ ಕೂರಿಸಿದ್ದೆ.

ಬೋಲ್ಟ್ ಸಡಿಲಿಸಿ ಬ್ಲೇಡ್ ಎತ್ತಿದರೆ ಕೂರುವ ತಾಣದಲ್ಲಿ ಜೇನಿನ ಬಣ್ಣದ ತೆಳ್ಳನೆಯ ಹೊಪ್ಪಳಿಕೆ, ಉಗುರಿನಷ್ಟು ಅಗಲ. ರಾಳ. ಹೋದ ತಿಂಗಳು ಇದೇ ಯಂತ್ರದಲ್ಲಿ ಪೈನ್ ಹಲಗೆ ರಾಶಿ ಹೊಡೆದಿದ್ದೆ, ಅದರ ಅಂಟು ಕಟರ್ ಬಿಸಿಗೆ ಕರಗಿ ಸಂದಿಗಿಳಿದು ಗಟ್ಟಿಯಾಗಿತ್ತು. ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಎಬ್ಬಿಸಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ತಾಣ, ಒತ್ತುಪಟ್ಟಿ, ಬೋಲ್ಟು, ಬ್ಲೇಡಿನ ಬೆನ್ನು ಎಲ್ಲ ಒರೆಸಿದೆ. ಕಬ್ಬಿಣದ ಉಳಿಯಿಂದ ಕೆರೆಯಬಾರದು, ತಾಣಕ್ಕೆ ಗೀರು ಬಿದ್ದರೆ ಅದೂ ಒಂದು ಹೊಪ್ಪಳಿಕೆಯೇ. ಬೋಲ್ಟುಗಳನ್ನು ನಡುವಿನಿಂದ ತುದಿಯ ಕಡೆಗೆ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದೆ. ಒಂದನ್ನೇ ಪೂರ್ತಿ ಬಿಗಿದರೆ ತೆಳ್ಳನೆಯ ಬ್ಲೇಡ್ ಅಲ್ಲಿಯೇ ಬಾಗಿ ಉಬ್ಬುತ್ತದೆ. ಕೊನೆಗೆ ಕಟರ್‌ ಅನ್ನು ಕಡ್ಡಿಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಡಯಲ್ ಈಗ ಆರೂ ಕಡೆ 0.01ರ ಒಳಗೆ.

ಇಲ್ಲಿ ನಿಲ್ಲಿಸಿ ಪರೀಕ್ಷೆಯ ಹಲಗೆ ಬಿಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದು ಹಲಗೆ. ಎಲ್ಲವನ್ನೂ ಒಟ್ಟಿಗೆ ಸರಿಮಾಡಿದರೆ ಯಾವುದರಿಂದ ಯಾವುದು ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಪೆನ್ಸಿಲ್ ಉಜ್ಜಿ ಎಣಿಸಿದೆ: 10 ಮಿ.ಮೀ.ಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ. ಅಲೆ ಹೋಗಿತ್ತು. ಓರೆ ಅಷ್ಟೇ ಇತ್ತು. ಹಲಗೆ ಒಂದು ಸಲ ತಡೆದು ತಡೆದು ಸಾಗಿತು.

ಚೈನ್ ಹಾರಿದ ಒಂದು ಹಲ್ಲು

ಇಬ್ಬರೂ ಸೇರಿ ಯಂತ್ರವನ್ನು ಮೆಲ್ಲಗೆ ಹಿಮ್ಮುಖವಾಗಿ ಮಲಗಿಸಿದೆವು. ತಳದ ತಗಡು ಬಿಚ್ಚಿದರೆ ಒಳಗೆ ಚೈನ್ ಕಾಣಲಿಲ್ಲ. ಚಕ್ಕೆ ಕಂಡಿತು. ಚೈನ್ ಇರಬೇಕಾದ ಸಂದಿಯಲ್ಲೆಲ್ಲ ಚಕ್ಕೆ, ಹೊಟ್ಟು, ಅದರ ಜೊತೆ ಕಪ್ಪಗಿನ ಜಿಡ್ಡು ಕಲಸಿ ಒತ್ತಿದ ಹಾಗೆ. ಜಿಡ್ಡು ನನ್ನದೇ ಕೊಡುಗೆ. ಕಳೆದ ವರ್ಷ ಹಿಡಿಕೆ ಕಿರುಗುಟ್ಟುತ್ತದೆ ಅಂತ ಸ್ಕ್ರೂಗಳಿಗೂ ಚೈನಿಗೂ ಧಾರಾಳವಾಗಿ ಗ್ರೀಸ್ ಬಳಿದಿದ್ದೆ. ಒಂದು ವಾರ ಬೆಣ್ಣೆಯ ಹಾಗೆ ತಿರುಗಿತ್ತು. ಮರದ ಧೂಳು ಹಾರುವ ಜಾಗದಲ್ಲಿ ಗ್ರೀಸ್ ಹಚ್ಚುವುದು ಅಂದರೆ ಅಂಟು ಹಚ್ಚಿದ ಹಾಗೆ. ಧೂಳನ್ನು ಹಿಡಿದು ಅದು ಸವೆಸುವ ಪೇಸ್ಟ್ ಆಗುತ್ತದೆ, ಕೊನೆಗೆ ಗಟ್ಟಿ.

ಕಡ್ಡಿ, ಬ್ರಷ್, ವ್ಯಾಕ್ಯೂಮ್ ಹಿಡಿದು ಒಂದು ಗಂಟೆ ಬಿಡಿಸಿದೆ. ಎಡಗಡೆಯ ಹಲ್ಲುಗಾಲಿಯ ಹಲ್ಲುಗಳ ಬುಡದಲ್ಲಿ ಚಕ್ಕೆ ಒತ್ತಿ ಒತ್ತಿ ಮರದ ಬಿಲ್ಲೆಯೇ ಆಗಿತ್ತು. ಅದರ ಮೇಲೆ ಏರಿದ ಚೈನ್ ಯಾವಾಗಲೋ ಒಂದು ಹಲ್ಲು ಹಾರಿದೆ. ಬಹುಶಃ ಆ ಮೂರನೇ ಹಲಗೆ ನಿಂತಾಗ, ಬೇಗ ಬಿಡಿಸುವ ಭರದಲ್ಲಿ ನಾನು ಬಿಗಿಯಾದ ಹಿಡಿಕೆಯನ್ನು ಬಲವಂತವಾಗಿ ತಿರುಗಿಸಿದಾಗ.

ಇದು ಊಹೆ ಮಾತ್ರವೇ ಅಂತ ನೋಡಲು ಲೆಕ್ಕ ಹಾಕಿದೆ. ಸ್ಕ್ರೂ ಒಂದು ಸುತ್ತಿಗೆ ತಲೆಯನ್ನು 3 ಮಿ.ಮೀ. ಎತ್ತುತ್ತದೆ. ಹಲ್ಲುಗಾಲಿಗೆ 10 ಹಲ್ಲು. ಒಂದು ಹಲ್ಲು ತಪ್ಪಿದರೆ ಆ ಬದಿ 0.3 ಮಿ.ಮೀ. ಹೆಚ್ಚುಕಡಿಮೆ. ಎರಡು ಸ್ಕ್ರೂಗಳ ನಡುವೆ 400 ಮಿ.ಮೀ.; ನನ್ನ ಪಟ್ಟಿಗಳ ನಡುವಿನ ಅಂತರ ಮಧ್ಯದಿಂದ ಮಧ್ಯಕ್ಕೆ 280. ಅಂದರೆ 0.3ನ್ನು 280ರಿಂದ ಗುಣಿಸಿ 400ರಿಂದ ಭಾಗಿಸಬೇಕು. 0.21. ವರ್ನಿಯರ್ ಹೇಳಿದ್ದೂ ಅದೇ. ಲೆಕ್ಕವೂ ಅಳತೆಯೂ ಹೀಗೆ ಕೈಕುಲುಕುವುದು ವರ್ಕ್‌ಶಾಪಿನಲ್ಲಿ ಅಪರೂಪ. ಗೆಳೆಯನನ್ನು ಕರೆದು ಎರಡು ಸಲ ತೋರಿಸಿದೆ, ಅವನಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ.

ಚೈನಿನ ಬಿಗಿ ಹಿಡಿಯುವ ಸಣ್ಣ ಗಾಲಿಯನ್ನು ಸಡಿಲಿಸಿ, ಎಡಗಾಲಿಯಿಂದ ಚೈನ್ ಎತ್ತಿ, ಆ ಸ್ಕ್ರೂ ಮಾತ್ರ ಒಂದು ಹಲ್ಲಿನಷ್ಟು ತಿರುಗಿಸಿ ಮತ್ತೆ ಕೂರಿಸಿದೆ. ಯಾವ ಕಡೆಗೆ ತಿರುಗಿಸಬೇಕು ಎನ್ನುವುದರಲ್ಲಿ ಮೊದಲ ಸಲ ತಪ್ಪಿದೆ, ಪಟ್ಟಿ ಬಿಟ್ಟಾಗ ಅಂತರ 0.42 ಆಗಿತ್ತು. ತಿರುಗಿಸುವ ಮೊದಲು ಗಾಲಿಗೂ ತಳಕ್ಕೂ ಮಾರ್ಕರ್‌ನಿಂದ ಗುರುತು ಹಾಕಿದ್ದರಿಂದ ವಾಪಸ್ಸಾಗುವುದು ಕಷ್ಟವಾಗಲಿಲ್ಲ. ಎರಡನೇ ಸಲ 0.02. ಒಂದು ಹಲ್ಲಿಗಿಂತ ಸಣ್ಣ ತಿದ್ದುಪಡಿ ಚೈನಿನಿಂದ ಸಾಧ್ಯವಿಲ್ಲ, 0.02ಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವೂ ಇಲ್ಲ. ಚೈನನ್ನು ಬೆರಳಿನಿಂದ ಒತ್ತಿದರೆ ಸ್ವಲ್ಪ ಮಣಿಯುವಷ್ಟು ಬಿಗಿ ಮಾಡಿದೆ. ಸ್ಕ್ರೂಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಗ್ರೀಸ್ ಬದಲು ಮೇಣದ ತುಂಡನ್ನು ತೀಡಿದೆ. ಹಿಡಿಕೆ ಎರಡು ಬೆರಳಿಗೆ ತಿರುಗಿತು.

ರೋಲರ್, ಬೆಡ್, ಮೇಜು

ಹಲಗೆ ನಿಲ್ಲುವ ದೂರು ಬಾಕಿ ಇತ್ತು. ಮೋಟಾರ್ ಸುಸ್ತಾಗಿರಬಹುದೇ ಎಂದು ಮೊದಲು ಉದ್ದನೆಯ ಎಕ್ಸ್‌ಟೆನ್ಷನ್ ವೈರ್ ಬಿಟ್ಟು ನೇರ ಗೋಡೆಯ ಪಾಯಿಂಟಿಗೆ ಹಾಕಿ ನೋಡಿದೆ. ತೆಳು ವೈರಿನಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಏದುಸಿರು ಬಿಡುವುದುಂಟು. ಸದ್ದು ಸ್ವಲ್ಪ ಗಟ್ಟಿಯಾಯಿತು, ದೂರು ಉಳಿಯಿತು. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ತೆಗೆದು ನೋಡಿದೆ, ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಬೆಲ್ಟಿನಲ್ಲಿ ಬಿರುಕಿಲ್ಲ. ಅಲ್ಲದೆ ಕಟರ್ ವೇಗ ಇಳಿಯದೆ ಹಲಗೆ ಮಾತ್ರ ನಿಲ್ಲುತ್ತಿತ್ತಲ್ಲ, ಶಕ್ತಿ ಕಡಿಮೆಯಾದರೆ ಮೊದಲು ಕಟರ್ ಸೋಲಬೇಕಿತ್ತು. ಇದು ಹಿಡಿತದ ಪ್ರಶ್ನೆ.

ರಬ್ಬರ್ ರೋಲರ್ ಮುಟ್ಟಿ ನೋಡಿದೆ. ರಬ್ಬರ್ ಮುಟ್ಟಿದ ಹಾಗಿರಲಿಲ್ಲ, ಪಾಲಿಶ್ ಮಾಡಿದ ಪಿಂಗಾಣಿ ಮುಟ್ಟಿದ ಹಾಗಿತ್ತು. ರಾಳದ ಮೇಲೆ ಧೂಳು ಕೂತು, ಹಲಗೆ ಜಾರಿ ಜಾರಿ ಉಜ್ಜಿ, ಹೊಳಪು ಬಂದಿತ್ತು. ಬಟ್ಟೆಗೆ ಸ್ಪಿರಿಟ್ ಹಾಕಿ ರೋಲರ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಒರೆಸಿದೆ. ಥಿನ್ನರ್ ಬೇಡ, ರಬ್ಬರ್ ತಿನ್ನುತ್ತದೆ. ನಾಲ್ಕನೇ ಬಟ್ಟೆ ಕಪ್ಪಾಗುವುದು ನಿಂತ ಮೇಲೆ ರೋಲರ್ ಮಂಕಾಗಿ, ಬೆರಳಿಗೆ ಹಿಡಿಯುವ ಹಾಗೆ ಆಯಿತು. ಸ್ಪಿರಿಟ್ ಪೂರ್ತಿ ಆರುವವರೆಗೆ, ಅದರ ವಾಸನೆ ಹೋಗುವವರೆಗೆ ಪ್ಲಗ್ ಹಾಕಲಿಲ್ಲ. ಕಾರ್ಬನ್ ಬ್ರಷ್ ಮೋಟಾರ್ ಒಳಗೆ ಕಿಡಿ ಹಾರಿಸುತ್ತಿರುತ್ತದೆ.

ರೋಲರ್ ಮೇಲಿನಿಂದ ಎಳೆಯುವಾಗ ಕೆಳಗಿನಿಂದ ತಡೆಯುವುದು ಬೆಡ್. ಅದನ್ನೂ ತೊಳೆದು, ಪೇಸ್ಟ್ ರೂಪದ ಮೇಣ ತೆಳ್ಳಗೆ ಬಳಿದು, ಆರಿದ ಮೇಲೆ ಬಟ್ಟೆಯಿಂದ ತಿಕ್ಕಿ ಹೊಳಪು ಮಾಡಿದೆ. ಸಿಲಿಕೋನ್ ಸ್ಪ್ರೇ ಹೊಡೆದರೆ ಒಂದು ನಿಮಿಷದ ಕೆಲಸ ಎಂದು ಗೆಳೆಯ ನೆನಪಿಸಿದ. ಹೌದು, ಹಲಗೆ ಚೆನ್ನಾಗಿಯೂ ಜಾರುತ್ತದೆ. ಆದರೆ ಸಿಲಿಕೋನ್ ಹಲಗೆಗೆ ಅಂಟಿ ಬರುತ್ತದೆ, ಆಮೇಲೆ ಪಾಲಿಶ್ ಬಳಿದಾಗ ಅಲ್ಲಲ್ಲಿ ದುಂಡಗೆ ಹಿಂದೆ ಸರಿದು ಗುಳಿ ಬೀಳುತ್ತದೆ, ಎಷ್ಟು ಬಳಿದರೂ ಮುಚ್ಚುವುದಿಲ್ಲ. ಮೇಣವೇ ವಾಸಿ.

ಮೇಣ ಹಚ್ಚಿದ ಮೇಲೆ ಹಲಗೆ ನಿಲ್ಲಲಿಲ್ಲ. ಒಂದು ಹಲಗೆಯೂ. ಮೊದಲ ದಿನ ಹೊಸ ಬ್ಲೇಡ್ ಹಾಕಿದಾಗ ಒಂದು ಹಲಗೆ ಸರಾಗ ಬಂದದ್ದಕ್ಕೂ ಕಾರಣ ಆಗ ಹೊಳೆಯಿತು. ಚೂಪು ಬ್ಲೇಡಿಗೆ ಮರದ ತಡೆ ಕಡಿಮೆ, ಜಾರುವ ರೋಲರ್ ಕೂಡ ಹೇಗೋ ಎಳೆದಿತ್ತು. ಕುಂಟುವವನ ಹೆಗಲಿನ ಹೊರೆ ಇಳಿಸಿ ಕಾಲು ವಾಸಿಯಾಯಿತು ಅಂದುಕೊಂಡ ಹಾಗೆ.

ಇನ್ನು ತುದಿ. ಮಟ್ಟಗೋಲನ್ನು ಬೆಡ್ಡಿನಿಂದ ಹೊರಗಿನ ಮಡಚು ಮೇಜಿನವರೆಗೆ ಚಾಚಿ ಇಟ್ಟರೆ ಮೇಜಿನ ತುದಿಯಲ್ಲಿ 2 ಮಿ.ಮೀ. ಬೆಳಕು. ಹೊಡೆದ ಹಲಗೆಗಳನ್ನೆಲ್ಲ ಅದರ ಮೇಲೇ ಪೇರಿಸಿಡುವ ನನ್ನ ಅಭ್ಯಾಸದ ಫಲ. ಒಳಗಿನ ಮೇಜು ಅರ್ಧ ಮಿ.ಮೀ. ತಗ್ಗಿತ್ತು. ಎರಡರ ಕೆಳಗೂ ಇರುವ ತಡೆ ಸ್ಕ್ರೂ ತಿರುಗಿಸಿ, ಮೇಜಿನ ಹೊರತುದಿ ಬೆಡ್ಡಿನ ಮಟ್ಟಕ್ಕಿಂತ ಎರಡು ವಿಸಿಟಿಂಗ್ ಕಾರ್ಡಿನಷ್ಟು ಮೇಲಿರುವಂತೆ ಮಾಡಿದೆ. ಇದರ ಜೊತೆ ಇನ್ನೊಂದು ಕೈಚಳಕವೂ ಬೇಕು. ಗೆಳೆಯ ಆ ಕಡೆಯಿಂದ ಹಲಗೆ ಹಿಡಿಯುವಾಗ ಭಾರಕ್ಕೆ ಕೆಳಗೆ ಒತ್ತುತ್ತಿದ್ದ; ಕೊನೆಯ ಅರ್ಧ ಅಡಿಯಲ್ಲಿ ಒಂದು ಚೂರು ಎತ್ತಿ ಹಿಡಿಯುವಂತೆ ಹೇಳಿದೆ. 0.18 ಇದ್ದದ್ದು 0.04ಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಇಂಥ ಹಗುರ ಯಂತ್ರದಲ್ಲಿ ಪೂರ್ತಿ ಹೋಗುತ್ತದೆ ಅಂತ ನಾನು ನಂಬುವುದೂ ಇಲ್ಲ. 0.04 ಅಂದರೆ ಮರಳು ಕಾಗದಕ್ಕೆ ಬಿಡುವ ಕೆಲಸ. ಮುಖ್ಯವಾದ ತುಂಡಾದರೆ ಎರಡೂ ಕಡೆ 100 ಮಿ.ಮೀ. ಉದ್ದ ಬಿಟ್ಟು ಆಮೇಲೆ ಕತ್ತರಿಸುತ್ತೇನೆ, ಇಲ್ಲವೇ ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗಿಸಿ ಸಾಲಾಗಿ ಬಿಡುತ್ತೇನೆ, ಆಗ ಮೊದಲನೆಯದರ ತಲೆ ಕೊನೆಯದರ ಬಾಲ ಮಾತ್ರ ಬಲಿ.

ಎಲ್ಲಕ್ಕೂ ಮೊದಲಿನ ತಪ್ಪು

ಗುಳಿ ಬಾಕಿ ಇತ್ತು. ಅದರ ಬೆನ್ನು ಹತ್ತಿದಾಗ ಉಳಿದ ನಾಲ್ಕರಲ್ಲಿ ಎರಡರ ಬೇರೂ ಅಲ್ಲೇ ಸಿಕ್ಕಿತು.

ಯಂತ್ರದ ಚಕ್ಕೆ ಉಗುಳುವ ಬಾಯಿ 4 ಇಂಚಿನದು. ವರ್ಕ್‌ಶಾಪಿನ ವ್ಯಾಕ್ಯೂಮ್ ಪೈಪ್ ಒಂದೂವರೆ ಇಂಚಿನದು. ನಡುವೆ ನಾನೇ ಒಂದು ಲಾಳಿಕೆಯಂಥ ಜೋಡಣೆ ಹಾಕಿ ಸುತ್ತ ಟೇಪ್ ಸುತ್ತಿದ್ದೆ. ಮರಳು ಕಾಗದದಿಂದ ಉಜ್ಜುವ ಯಂತ್ರವಾದ ಸ್ಯಾಂಡರ್‌ಗೆ ಆ ಪೈಪ್ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಯಾಂಡರ್ ಬಿಡುವುದು ಹಿಟ್ಟು, ಪ್ಲೇನರ್ ಬಿಡುವುದು ಸುರುಳಿ. 250 ಮಿ.ಮೀ. ಅಗಲ, 2 ಮೀಟರ್ ಉದ್ದದ ಹಲಗೆಯಿಂದ ಅರ್ಧ ಮಿ.ಮೀ. ತೆಗೆದರೆ ಗಟ್ಟಿ ಮರವೇ ಕಾಲು ಲೀಟರ್; ಚಕ್ಕೆಯಾಗಿ ಉಬ್ಬಿದಾಗ ಅದರ ಹಲವು ಪಟ್ಟು. ನನ್ನ ಹದಿನಾಲ್ಕು ಹಲಗೆ 22ರಿಂದ 18ಕ್ಕೆ ಇಳಿಯುವಷ್ಟರಲ್ಲಿ 28 ಲೀಟರ್ ಗಟ್ಟಿ ಮರ ಆ ಒಂದೂವರೆ ಇಂಚಿನ ಗಂಟಲಲ್ಲಿ ಇಳಿಯಬೇಕಿತ್ತು.

ಜೋಡಣೆ ಕಿತ್ತರೆ ಒಳಗೆ ಚಕ್ಕೆ ಬಿರಡೆಯಂತೆ ಕಚ್ಚಿ ಕೂತಿತ್ತು. ಎಳೆದಾಗ ಲಾಳಿಕೆಯ ಆಕಾರದಲ್ಲೇ ಇಡಿಯಾಗಿ ಹೊರಬಂತು. ವ್ಯಾಕ್ಯೂಮ್ ಅಷ್ಟು ದಿನವೂ ಜೋರಾಗಿ ಸದ್ದು ಮಾಡುತ್ತಲೇ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಹೊರಗೆ ದಾರಿ ಸಿಗದ ಚಕ್ಕೆ ಕಟರ್ ಸುತ್ತ ಸುತ್ತಿ ಗುಳಿ ಮಾಡಿತು, ರಾಳದ ಧೂಳಾಗಿ ರೋಲರ್ ಮೇಲೆ ಕೂತಿತು, ತಳಕ್ಕೆ ಸುರಿದು ಗ್ರೀಸಿನ ಜೊತೆ ಸೇರಿ ಚೈನಿನ ಹಲ್ಲಿಗೆ ಅಡ್ಡ ಬಂತು. ಬ್ಲೇಡಿನ ಅಡಿಯ ಹೊಪ್ಪಳಿಕೆ ಮತ್ತು ತಗ್ಗಿದ ಮೇಜು ಮಾತ್ರ ಬೇರೆ ಲೆಕ್ಕ, ಅವು ನನ್ನ ಆತುರ ಮತ್ತು ಸೋಮಾರಿತನದ ಖಾತೆಗೆ.

4 ಇಂಚಿನ ಪೈಪನ್ನೇ ನೇರ ದೊಡ್ಡ ಚೀಲದ ಕಲೆಕ್ಟರ್‌ಗೆ ಜೋಡಿಸಿದೆ. ಬಿದ್ದ ಗುಳಿಗಳನ್ನು ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ ಎಬ್ಬಿಸಿದೆ. ಒತ್ತಿಹೋದ ನಾರು ಹಬೆಗೆ ಉಬ್ಬಿ ಮೇಲೆ ಬರುತ್ತದೆ, ತುಂಡಾದ ನಾರು ಬರುವುದಿಲ್ಲ. ಬಹುಪಾಲು ಬಂದವು. ಸುಟ್ಟ ಪಟ್ಟಿಯ ಮೂರನೇ ಹಲಗೆಗೆ ಮಾತ್ರ ದಾರಿಯಿರಲಿಲ್ಲ, ಅದರ ತಗ್ಗು 18ಕ್ಕಿಂತ ಕೆಳಗಿಳಿದಿತ್ತು. ಅದನ್ನು 16 ಮಿ.ಮೀ.ಗೆ ಹೊಡೆದು ಕಪಾಟಿನ ಬೆನ್ನಿಗೆ ಬಳಸಿದೆ.

ಉಳಿದ ಹಲಗೆಗಳನ್ನು ಹೊಡೆಯುವ ಮುನ್ನ ಒಂದು ಹುಚ್ಚು ಪರೀಕ್ಷೆ ಮಾಡಿದೆ. ಮೊದಲ ದಿನ ಮೊಂಡು ಎಂದು ಕಿತ್ತಿಟ್ಟಿದ್ದ ಹಳೆಯ ಬ್ಲೇಡ್‌ಗಳನ್ನು ಒರೆಸಿ, ಒರೆಸಿದ ತಾಣದಲ್ಲಿ ಮತ್ತೆ ಕೂರಿಸಿದೆ. ಅವು ಎರಡು ಅಂಚಿನ ಬ್ಲೇಡ್. ತಿರುಗಿಸಿ ಹಾಕಲು ಇನ್ನೊಂದು ಅಂಚು ಮುಟ್ಟದೆ ಇತ್ತು, ಆದರೂ ಬೇಕೆಂದೇ ಬಳಸಿದ ಅಂಚನ್ನೇ ಹಾಕಿದೆ. ಅರ್ಧ ಮಿ.ಮೀ. ಇಳಿಸಿ ಹಲಗೆ ಬಿಟ್ಟರೆ ಸರಸರ ಬಂತು. ಮೈ ನುಣುಪು, ಉದ್ದಕ್ಕೂ ಕೂದಲೆಳೆಯಂಥ ಒಂದೇ ಒಂದು ಉಬ್ಬುಗೆರೆ ಬಿಟ್ಟರೆ. ಎರಡೂ ಬ್ಲೇಡ್ ಒಂದೇ ಜಾಗದಲ್ಲಿ ಮುಕ್ಕಾಗಿದ್ದವು, ಯಾವುದೋ ಗಂಟಿಗೆ ಹೊಡೆದಿರಬೇಕು. ಪಿನ್ನಿನ ತೂತು ಸ್ವಲ್ಪ ಉದ್ದುದ್ದ ಇರುವುದರಿಂದ ಒಂದು ಬ್ಲೇಡನ್ನು ಅರ್ಧ ಮಿ.ಮೀ. ಪಕ್ಕಕ್ಕೆ ಸರಿಸಿ ಬಿಗಿದೆ. ಒಂದರ ಮುಕ್ಕು ಬಿಟ್ಟುಹೋದದ್ದನ್ನು ಇನ್ನೊಂದು ಕತ್ತರಿಸಿತು, ಗೆರೆ ಮಾಯ.

ಒಂಬತ್ತು ಹಲಗೆಗಳನ್ನು ಆ ಬ್ಲೇಡ್‌ಗಳಲ್ಲೇ ಮುಗಿಸಿದೆ. ಹೊಸವು ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಡ್ರಾಯರ್‌ನಲ್ಲಿವೆ. ಎ ಮತ್ತು ಬಿ ಪಟ್ಟಿಗಳು ಯಂತ್ರದ ಪಕ್ಕದ ಮೊಳೆಗೆ ನೇತುಬಿದ್ದಿವೆ, ತಿಂಗಳಿಗೊಮ್ಮೆ ಒಟ್ಟಿಗೆ ಒಳಗೆ ಹೋಗಿ ಬರುತ್ತವೆ. ಈಗ 15 ಮಿ.ಮೀ.ಗೆ ಇಳಿದಿವೆ, ಅಂತರ ಇನ್ನೂ 0.02.